ಆಫೀಸ್ ಮೇಲ್‌ಗೆ ಎಷ್ಟು ಡೇಟಾ ಬೇಕು, ಯಾವ ಪ್ಲಾನ್ ಹಾಕಿಸಬೇಕು?

“ಆಫೀಸ್ ಮೇಲ್ ಫೋನಿನಲ್ಲೇ ನೋಡಬೇಕು, ಎಷ್ಟು ಜಿಬಿ ಪ್ಲಾನ್ ಹಾಕಿಸಲಿ?” ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುತ್ತಾರೆ, ಮನೆಯಿಂದ ಕೆಲಸ ಮಾಡುವವರು ಕೇಳುತ್ತಾರೆ, ಸದಾ ಓಡಾಟದಲ್ಲೇ ಇರುವ ಮಾರಾಟದ ಜನರಂತೂ ಬಿಡದೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಸೇರಿಸಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಬರೀ ಮೇಲ್‌ಗೆ ಡೇಟಾ ಜಾಸ್ತಿ ಬೇಕಾಗಿಲ್ಲ. ಎಷ್ಟೋ ಜನರಿಗೆ ತಿಂಗಳಿಗೆ ಒಂದು ಜಿಬಿಯೂ ಖರ್ಚಾಗುವುದಿಲ್ಲ. ಆದರೆ ಆ ಸ್ವಲ್ಪ ಡೇಟಾ ಬೇಕಾದ ಹೊತ್ತಿಗೆ ಕೈಕೊಡಬಾರದು, ಅಷ್ಟೇ. ಹಾಗಾಗಿ ಜಿಬಿ ಲೆಕ್ಕವನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಸಿಗ್ನಲ್ ಎಲ್ಲಿ ಸಿಗುತ್ತದೆ, ಮಿತಿ ಮುಗಿದ ಮೇಲೆ ಏನಾಗುತ್ತದೆ, ಬಿಲ್ ಯಾವ ಸಂದರ್ಭದಲ್ಲಿ ಏರುತ್ತದೆ, ಇವನ್ನು ಮೊದಲು ನೋಡಿ. ಜನ ಸಾಮಾನ್ಯವಾಗಿ ಇದರ ಉಲ್ಟಾ ಮಾಡುತ್ತಾರೆ. ದೊಡ್ಡ ಜಿಬಿ ಅಂಕಿ ನೋಡಿ ದುಡ್ಡು ಕಟ್ಟುತ್ತಾರೆ, ಆಮೇಲೆ ಲಿಫ್ಟ್ ಪಕ್ಕ ನಿಂತು ಮೇಲ್ ಹೋಗ್ತಿಲ್ಲ ಅಂತ ಪೇಚಾಡುತ್ತಾರೆ.

ಕೆಲಸ ಶುರು ಮಾಡುವ ಮುಂಚೆ ಮೂರು ವಿಷಯ ಹತ್ತಿರ ಇಟ್ಟುಕೊಳ್ಳಿ: ನಿಮ್ಮ ಫೋನು, ಈಗಿರುವ ಪ್ಲಾನಿನ ವಿವರ, ಆಫೀಸಿನ ಐಟಿ ವಿಭಾಗದವರನ್ನು ಸಂಪರ್ಕಿಸುವ ದಾರಿ. ಸಣ್ಣ ಆಫೀಸಾಗಿದ್ದು ಐಟಿ ವಿಭಾಗವೇ ಇಲ್ಲದಿದ್ದರೆ, ಮೇಲ್ ಐಡಿ ಮಾಡಿಕೊಟ್ಟವರು ಯಾರೋ ಅವರನ್ನೇ ಕೇಳಿ.

1. ಮೊದಲು ಆಫೀಸನ್ನು ಕೇಳಿ

ಪ್ಲಾನ್ ಹುಡುಕುವ ಮುಂಚೆ ಈ ಕೆಲಸ ಮುಗಿಸಿ. ಮೊದಲ ಪ್ರಶ್ನೆ, ಸ್ವಂತ ಫೋನಿನಲ್ಲಿ ಆಫೀಸ್ ಮೇಲ್ ಹಾಕಿಕೊಳ್ಳಲು ಒಪ್ಪಿಗೆ ಇದೆಯಾ? ಕೆಲವು ಕಡೆ ಇರುವುದಿಲ್ಲ. ಆಗ ಅವರೇ ಸಿಮ್ಮೋ ಫೋನೋ ಕೊಡಬೇಕು, ನಿಮ್ಮ ತಲೆನೋವು ಅಲ್ಲಿಗೆ ಮುಗಿಯಿತು.

ಎರಡನೆಯದು, ಬಿಲ್ ಯಾರು ಕಟ್ಟುತ್ತಾರೆ? ಆಫೀಸ್ ದುಡ್ಡು ವಾಪಸ್ ಕೊಡುವುದಾದರೆ ಎಷ್ಟರವರೆಗೆ, ಬಿಲ್ ಯಾರ ಹೆಸರಿನಲ್ಲಿರಬೇಕು, ಪ್ರೀಪೇಯ್ಡ್ ರಸೀದಿ ನಡೆಯುತ್ತದಾ ಅಂತ ಕೇಳಿ. ಎಷ್ಟೋ ಲೆಕ್ಕ ವಿಭಾಗಗಳು ತಿಂಗಳ ಬಿಲ್ ಇಲ್ಲದೆ ದುಡ್ಡು ಕೊಡುವುದಿಲ್ಲ. ಪ್ಲಾನ್ ತಗೊಂಡ ಮೇಲೆ ಇದು ಗೊತ್ತಾದರೆ ಬೇಜಾರು.

ಮೂರನೆಯದು, ಮೇಲ್ ಯಾವ ವ್ಯವಸ್ಥೆಯದು? ಉತ್ತರ ಹೆಚ್ಚಾಗಿ ಮೈಕ್ರೋಸಾಫ್ಟ್ 365, ಗೂಗಲ್ ವರ್ಕ್‌ಸ್ಪೇಸ್, ಅಥವಾ ಬೇರೆ ಯಾವುದೋ ಸರ್ವರಿನ ಐಮ್ಯಾಪ್ ಎಂದಿರುತ್ತದೆ. ಐಮ್ಯಾಪ್ ಅಂದರೆ ಮೇಲ್ ಎಲ್ಲ ಸರ್ವರಿನಲ್ಲೇ, ಅಂದರೆ ಮೇಲ್ ಕೂಡಿಡುವ ದೂರದ ಕಂಪ್ಯೂಟರಿನಲ್ಲೇ ಇದ್ದು, ಫೋನು ಅದನ್ನು ಇಣುಕಿ ನೋಡುವ ಪದ್ಧತಿ. ಇದರ ಮೇಲೆ ಡೇಟಾ ಖರ್ಚು ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಎರಡನೇ ಹಂತದಲ್ಲಿ ಹೇಳುತ್ತೇನೆ.

ನಾಲ್ಕನೆಯದು, ಎಂಡಿಎಂ ಇದೆಯಾ? ಫೋನುಗಳನ್ನು ಆಫೀಸಿನವರು ದೂರದಿಂದಲೇ ನಿಭಾಯಿಸುವ ತಂತ್ರಾಂಶಕ್ಕೆ ಹಾಗನ್ನುತ್ತಾರೆ. ಇದು ಲಾಕ್ ಪಿನ್ ಕಡ್ಡಾಯ ಮಾಡಬಹುದು, ಫೋನ್ ಕಳೆದರೆ ಮಾಹಿತಿ ಅಳಿಸಬಹುದು. ಅಳಿಸುವಾಗ ಬರೀ ಆಫೀಸ್ ಮಾಹಿತಿಯಾ, ಇಲ್ಲ ಮನೆಯ ಫೋಟೋಗಳೂ ಹೋಗುತ್ತವಾ ಅಂತ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಆಂಡ್ರಾಯ್ಡ್ ಫೋನುಗಳಲ್ಲಿ ‘ವರ್ಕ್ ಪ್ರೊಫೈಲ್’ ಎಂಬ ಅನುಕೂಲ ಇದೆ. ಆಫೀಸ್ ಆ್ಯಪ್‌ಗಳು ಬೇರೆ, ನಿಮ್ಮವು ಬೇರೆ ಆಗಿರುತ್ತವೆ. ಅದು ಸಿಗುವುದಾದರೆ ಅದನ್ನೇ ಕೇಳಿ ಹಾಕಿಸಿಕೊಳ್ಳಿ.

ಒಂದು ಹಳೆಯ ನಂಬಿಕೆ ಇನ್ನೂ ಹೋಗಿಲ್ಲ. ಆಫೀಸ್ ಮೇಲ್‌ಗೆ ‘ಕಾರ್ಪೊರೇಟ್ ಡೇಟಾ ಪ್ಲಾನ್’ ಬೇರೆಯೇ ಬೇಕು ಅಂತ ಕೆಲವರು ಹೇಳುತ್ತಾರೆ. ಬ್ಲ್ಯಾಕ್‌ಬೆರಿ ಕಂಪನಿಯ ಫೋನುಗಳ ಕಾಲದಲ್ಲಿ ಅದು ನಿಜವಾಗಿತ್ತು. ಕಂಪನಿ ಸರ್ವರಿನ ಮೇಲ್ ಬೇಕಾದರೆ ಹಲವು ನೆಟ್‌ವರ್ಕ್‌ಗಳು ಜಾಸ್ತಿ ದುಡ್ಡಿನ ಬೇರೆ ಪ್ಲಾನ್ ಮಾರುತ್ತಿದ್ದವು. ಆ ಹಳೆಯ ಬ್ಲ್ಯಾಕ್‌ಬೆರಿ ಸೇವೆಗಳು 2022ರ ಜನವರಿ 4ಕ್ಕೇ ನಿಂತುಹೋದವು. ಈಗಿನ ಫೋನುಗಳಲ್ಲಿ ಆಫೀಸ್ ಮೇಲ್ ಕೂಡ ಮಾಮೂಲಿ ಇಂಟರ್ನೆಟ್ ದಾರಿಯಲ್ಲೇ ಬರುತ್ತದೆ. ಯಾರಾದರೂ ಅಂಗಡಿಯಲ್ಲಿ “ಮೇಲ್‌ಗೆ ಬೇರೆ ಪ್ಯಾಕ್ ಹಾಕಿಸಬೇಕು” ಅಂದರೆ ನಕ್ಕು ಮುಂದೆ ಹೋಗಿ.

2. ಮೇಲ್ ನಿಜವಾಗಿ ಎಷ್ಟು ತಿನ್ನುತ್ತದೆ, ಲೆಕ್ಕ ಹಾಕಿ

ಬರೀ ಅಕ್ಷರಗಳಿರುವ ಮೇಲ್ ಕೆಲವೇ ಕೆಬಿ. ಅಲಂಕಾರ, ಲೋಗೊ ಎಲ್ಲ ಸೇರಿದರೆ ಒಂದೊಂದು 75 ಕೆಬಿ ಅಂತ ಇಟ್ಟುಕೊಳ್ಳೋಣ. 1,000 ಕೆಬಿ ಸುಮಾರು ಒಂದು ಎಂಬಿ, 1,000 ಎಂಬಿ ಸುಮಾರು ಒಂದು ಜಿಬಿ. ದಿನಕ್ಕೆ 100 ಮೇಲ್ ಬಂದರೂ ಏಳೂವರೆ ಎಂಬಿ. ಇಷ್ಟೇ.

ತೂಕ ಇರುವುದು ಅಟ್ಯಾಚ್‌ಮೆಂಟ್‌ನಲ್ಲಿ. ಮೇಲ್ ವ್ಯವಸ್ಥೆ ಹುಟ್ಟಿದ್ದು ಬರೀ ಅಕ್ಷರ ಸಾಗಿಸಲಿಕ್ಕೆ. ಅದಕ್ಕೇ ಫೋಟೋ, ಪಿಡಿಎಫ್ ಯಾವುದನ್ನೇ ಆದರೂ ಅಕ್ಷರಗಳ ರೂಪಕ್ಕೆ ತಿರುಗಿಸಿ ಕಳಿಸುತ್ತದೆ. ಮೂರು ಬೈಟ್ ಇದ್ದದ್ದು ನಾಲ್ಕು ಅಕ್ಷರ ಆಗುತ್ತದೆ, ಅಂದರೆ ಗಾತ್ರ ಮೂರನೇ ಒಂದು ಪಾಲು ಉಬ್ಬುತ್ತದೆ. 2 ಎಂಬಿ ಪಿಡಿಎಫ್ ದಾರಿಯಲ್ಲಿ ಸುಮಾರು 2.7 ಎಂಬಿ. ದಿನಕ್ಕೆ ಅಂಥ ಹತ್ತು ಫೈಲ್ ತೆರೆದಿರಿ ಅನ್ನಿ, 27 ಎಂಬಿ. ಮೊದಲಿನ ಏಳೂವರೆ ಸೇರಿಸಿದರೆ ದಿನಕ್ಕೆ 35 ಎಂಬಿಯೂ ದಾಟಲಿಲ್ಲ. ತಿಂಗಳಿಗೆ 22 ಕೆಲಸದ ದಿನ ಹಿಡಿದರೆ 750 ಎಂಬಿ ಹತ್ತಿರ. ಇದರಲ್ಲಿ ಅರ್ಧಕ್ಕರ್ಧ ವೈಫೈನಲ್ಲೇ ನೋಡುತ್ತೀರಲ್ವಾ, ಅದನ್ನು ಕಳೆಯಿರಿ.

ಈಗ ಸ್ವಲ್ಪ ಹುಷಾರಾಗಿರಬೇಕಾದ ಎರಡು ಜಾಗ.

ಒಂದು, ಕಳಿಸುವುದೂ ಡೇಟಾ. ಬರುವುದಕ್ಕೆ ಮಾತ್ರ ಲೆಕ್ಕ ಅಂತ ಹಲವರು ತಿಳಿದಿದ್ದಾರೆ, ಹಾಗಲ್ಲ. ಮಾಮೂಲಿ ಐಮ್ಯಾಪ್ ಮೇಲ್‌ನಲ್ಲಿ 10 ಎಂಬಿ ಫೈಲನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿದರೆ ಏನಾಗುತ್ತದೆ ನೋಡಿ. ಫೋನು ಮೊದಲು ಫೈಲನ್ನು ಇಳಿಸಿಕೊಳ್ಳುತ್ತದೆ. ಆಮೇಲೆ ಕಳಿಸಲು ಮೇಲೆ ಹತ್ತಿಸುತ್ತದೆ. ಎಷ್ಟೋ ಆ್ಯಪ್‌ಗಳು ‘ಸೆಂಟ್’ ಫೋಲ್ಡರಿನಲ್ಲಿ ಪ್ರತಿ ಇಡಲು ಮತ್ತೊಮ್ಮೆ ಹತ್ತಿಸುತ್ತವೆ. ಒಂದೇ ಫೈಲ್, ಮೂರು ಸಲದ ಖರ್ಚು. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್ 365ರ ಮೇಲ್ ಇದೇ) ತರಹದ ವ್ಯವಸ್ಥೆಯಲ್ಲಿ ಫೈಲನ್ನು ಸರ್ವರೇ ಜೋಡಿಸಿ ಕಳಿಸಬಲ್ಲದು, ಫೋನಿಗೆ ಆ ಹೊರೆ ಬೀಳುವುದಿಲ್ಲ. ದೊಡ್ಡ ಫೈಲ್‌ಗಳನ್ನು ದಿನವಿಡೀ ಅತ್ತಿತ್ತ ದಾಟಿಸುವ ಕೆಲಸ ನಿಮ್ಮದಾಗಿದ್ದರೆ ಐಮ್ಯಾಪ್ ಮೇಲ್‌ಗೆ ಮೇಲಿನ ಲೆಕ್ಕದ ಎರಡು ಪಟ್ಟು ಹಿಡಿಯಿರಿ.

ಇನ್ನೊಂದು, ಮೇಲ್ ಕೊನೆಯಲ್ಲಿ ಹಾಕುವ ಸಹಿಯ ಚಿತ್ರಗಳು. ಕಂಪನಿ ಲೋಗೊ, ಪ್ರಶಸ್ತಿಯ ಬ್ಯಾಡ್ಜು, “ಕಾಗದ ಉಳಿಸಿ” ಎಂಬ ಹಸಿರು ಎಲೆ. ಒಂದೇ ಮೇಲ್ ಮಾತುಕತೆಯಲ್ಲಿ ಹದಿನೈದು ಜನ ‘ರಿಪ್ಲೈ ಆಲ್’ ಒತ್ತಿದರೆ ಅದೇ ಲೋಗೊ ಹದಿನೈದು ಸಲ ಬಂದು ಕೂರುತ್ತದೆ. ಹಳೇ ರಿಪ್ಲೈಗಳ ಚಿತ್ರಗಳೂ ಜೊತೆಗೆ ಹೊತ್ತುಕೊಂಡು ಬರುತ್ತವೆ. “ಸರಿ, ಆಗಲಿ” ಎಂಬ ಎರಡು ಪದದ ಉತ್ತರ ಒಂದು ಎಂಬಿ ತೂಗುವುದು ಹೀಗೆ. ನಿಮ್ಮ ಸಹಿಯಿಂದಾದರೂ ಚಿತ್ರ ತೆಗೆಯಿರಿ, ಓದುವವರೂ ಬದುಕಿಕೊಳ್ಳುತ್ತಾರೆ.

3. ನಿಮ್ಮ ಫೋನಿನ ನಿಜವಾದ ಅಂಕಿ ನೋಡಿ

ಮೇಲಿನದು ಅಂದಾಜು. ಫೋನು ಈಗಾಗಲೇ ಆ್ಯಪ್‌ವಾರು ಲೆಕ್ಕ ಇಟ್ಟಿದೆ, ಅದನ್ನು ನೋಡಿ.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಅಥವಾ ಕನೆಕ್ಷನ್ಸ್ ಎಂಬಲ್ಲಿಗೆ ಹೋಗಿ. ಅಲ್ಲಿ ‘ಡೇಟಾ ಯೂಸೇಜ್’ ಸಿಗುತ್ತದೆ. ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಜಾಗದಲ್ಲಿ ಇರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಪಟ್ಟಿಯಲ್ಲಿ ‘ಡೇಟಾ’ ಅಂತ ಟೈಪ್ ಮಾಡಿ. ಅಲ್ಲೇ ಬಿಲ್ಲಿಂಗ್ ಸೈಕಲ್ ಶುರುವಾಗುವ ತಾರೀಖನ್ನು ನಿಮ್ಮ ಪ್ಲಾನ್ ತಾರೀಖಿಗೆ ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ಫೋನ್ ತೋರಿಸುವ ತಿಂಗಳು ಒಂದು, ಕಂಪನಿ ಲೆಕ್ಕದ ತಿಂಗಳು ಇನ್ನೊಂದು ಆಗುತ್ತದೆ.

ಐಫೋನ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಮೊಬೈಲ್ ಡೇಟಾ ಅಥವಾ ಸೆಲ್ಯುಲಾರ್ ಪುಟಕ್ಕೆ ಹೋಗಿ ಕೆಳಗೆ ಜಾರಿಸಿ. ಇಲ್ಲಿ ಹಲವರು ಎಡವುತ್ತಾರೆ. ‘ಕರೆಂಟ್ ಪೀರಿಯಡ್’ ಎಂದು ಬರೆದಿರುವುದು ಈ ತಿಂಗಳ ಲೆಕ್ಕವಲ್ಲ. ಕೊನೆಯ ಸಲ ನೀವೇ ರೀಸೆಟ್ ಮಾಡಿದಾಗಿನಿಂದ ಇಲ್ಲಿಯವರೆಗಿನದು. ಎಂದೂ ಮಾಡಿಲ್ಲದಿದ್ದರೆ ಎರಡು ವರ್ಷದ ಲೆಕ್ಕವೂ ಇರಬಹುದು. “ಮೇಲ್ 14 ಜಿಬಿ ತಿಂದಿದೆ” ಅಂತ ಗಾಬರಿಯಾಗುವವರ ಕಥೆ ಹೆಚ್ಚಾಗಿ ಇದೇ. ಪುಟದ ತಳದಲ್ಲಿ ‘ರೀಸೆಟ್ ಸ್ಟಾಟಿಸ್ಟಿಕ್ಸ್’ ಒತ್ತಿ, ಕೆಲವು ವಾರ ಬಿಟ್ಟು ಮತ್ತೆ ನೋಡಿ.

ಪಟ್ಟಿಯಲ್ಲಿ ಮೇಲ್ ಆ್ಯಪ್ ಎಲ್ಲೋ ಕೆಳಗಿರುತ್ತದೆ. ಮೇಲೆ ಕೂತಿರುವುದು ವಿಡಿಯೊ, ರೀಲ್ಸ್, ಚಾಟ್ ಆ್ಯಪ್‌ಗಳು. ಪ್ಲಾನಿನ ಗಾತ್ರ ನಿರ್ಧಾರ ಆಗುವುದು ಅವುಗಳಿಂದ, ಮೇಲ್‌ನಿಂದಲ್ಲ.

4. ಮೇಲ್ ಬೆನ್ನಿಗೆ ಬರುವವನ್ನು ಎಣಿಸಿ

ಆಫೀಸ್ ಮೇಲ್ ಒಂದೇ ಬರುವುದಿಲ್ಲ. ಮೇಲ್ ಒಳಗೆ ಮೀಟಿಂಗ್ ಲಿಂಕ್ ಇರುತ್ತದೆ, ಒತ್ತುತ್ತೀರಿ. ಒಂದು ಗಂಟೆಯ ವಿಡಿಯೊ ಮೀಟಿಂಗ್ ಗುಣಮಟ್ಟ ನೋಡಿಕೊಂಡು ಅರ್ಧ ಜಿಬಿಯಿಂದ ಒಂದೂವರೆ ಜಿಬಿವರೆಗೆ ನುಂಗುತ್ತದೆ. ತಿಂಗಳಿಡೀ ಮೇಲ್‌ಗೆ ಖರ್ಚಾಗುವಷ್ಟು ಒಂದೇ ಮೀಟಿಂಗಿನಲ್ಲಿ ಹೋಯಿತು. ದಾರಿಯಲ್ಲಿ ಮೀಟಿಂಗ್ ಸೇರಬೇಕಾದರೆ ಕ್ಯಾಮೆರಾ ಆಫ್ ಮಾಡುವುದು ಸಾಲದು. ಬೇರೆಯವರ ವಿಡಿಯೊ ಬರುವುದನ್ನೂ ನಿಲ್ಲಿಸಿ. ಬರೀ ಧ್ವನಿಗೆ ಡೇಟಾ ತೀರಾ ಕಡಿಮೆ ಸಾಕು. ಮೀಟಿಂಗ್ ಆಹ್ವಾನದಲ್ಲಿ ಫೋನ್ ನಂಬರ್ ಕೊಟ್ಟಿದ್ದರೆ ಮಾಮೂಲಿ ಕರೆ ಮಾಡಿಯೇ ಸೇರಬಹುದು, ಡೇಟಾನೇ ಬೇಡ.

ಎಲ್ಲಕ್ಕಿಂತ ದೊಡ್ಡ ಹೊಂಡ ಹಾಟ್‌ಸ್ಪಾಟ್. ಫೋನಿನ ಡೇಟಾವನ್ನು ಲ್ಯಾಪ್‌ಟಾಪ್‌ಗೆ ಹಂಚುವುದಕ್ಕೆ ಹಾಟ್‌ಸ್ಪಾಟ್ ಅಥವಾ ಟೆದರಿಂಗ್ ಅನ್ನುತ್ತಾರೆ. “ಬರೀ ಎರಡು ಮೇಲ್ ನೋಡಲು ಲ್ಯಾಪ್‌ಟಾಪ್ ಕನೆಕ್ಟ್ ಮಾಡಿದೆ, ಡೇಟಾ ಎಲ್ಲ ಖಾಲಿ” ಅನ್ನುವ ದೂರು ಎಷ್ಟು ಸಲ ಕೇಳಿದ್ದೇನೋ. ಲ್ಯಾಪ್‌ಟಾಪ್‌ಗೆ ಅದು ಇನ್ನೊಂದು ವೈಫೈ ಅಷ್ಟೇ. ವಿಂಡೋಸ್ ಅಪ್‌ಡೇಟ್ ಇಳಿಸುತ್ತದೆ, ಕ್ಲೌಡ್ ಫೋಲ್ಡರ್ (ಇಂಟರ್ನೆಟ್‌ನಲ್ಲಿ ಪ್ರತಿ ಇಡುವ ಫೋಲ್ಡರ್) ಸಿಂಕ್ ಆಗುತ್ತದೆ, ಮೇಲ್ ಪ್ರೋಗ್ರಾಂ ಇಡೀ ಇನ್‌ಬಾಕ್ಸ್ ಎಳೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಆ ಹಾಟ್‌ಸ್ಪಾಟ್ ಹೆಸರಿನ ಪ್ರಾಪರ್ಟೀಸ್ ತೆರೆದು ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ಇದು ಅಳತೆಯ ಡೇಟಾ, ದೊಡ್ಡ ಇಳಿಕೆ ಬೇಡ ಎಂದು ಹೇಳಿದ ಹಾಗೆ. ಮ್ಯಾಕ್‌ನಲ್ಲಿ ಅದೇ ಕೆಲಸಕ್ಕೆ ‘ಲೋ ಡೇಟಾ ಮೋಡ್’ ಇದೆ. ಕ್ಲೌಡ್ ಆ್ಯಪ್‌ನ ಸಿಂಕ್ ಅನ್ನು ಕೈಯಾರೆ ನಿಲ್ಲಿಸಿದರೆ ಇನ್ನೂ ನಿಶ್ಚಿಂತೆ.

ಆಫೀಸಿನ ವಿಪಿಎನ್ ಹಾಕಿಕೊಳ್ಳಬೇಕಿದ್ದರೆ ಸ್ವಲ್ಪ ಹೆಚ್ಚುವರಿ ಖರ್ಚಿದೆ. ವಿಪಿಎನ್ ಅಂದರೆ ಆಫೀಸಿನ ನೆಟ್‌ವರ್ಕಿಗೆ ಗುಟ್ಟಾಗಿ ತೆರೆಯುವ ಸುರಂಗ. ಪ್ರತಿ ತುಣುಕಿಗೂ ಒಂದು ಹೊದಿಕೆ ಹಾಕುವುದರಿಂದ ಗಾತ್ರ ಒಂದಿಷ್ಟು ಏರುತ್ತದೆ. ಹತ್ತರಲ್ಲಿ ಒಂದು ಪಾಲು ಸೇರಿಸಿ ಹಿಡಿದರೆ ಸಾಕು.

5. ನೀವು ಇರುವ ಜಾಗದಲ್ಲಿ ಸಿಗ್ನಲ್ ಪರೀಕ್ಷಿಸಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದೇ. ಕಂಪನಿಯ ಕವರೇಜ್ ನಕ್ಷೆ ನೋಡಿ ಸುಮ್ನೆ ನಂಬಬೇಡಿ. ಅದು ಹೆಚ್ಚಾಗಿ ಹೊರಗಿನ ಬಯಲಿನ ಅಂದಾಜು. ನೀವು ಮೇಲ್ ನೋಡುವುದು ನಾಲ್ಕು ಗೋಡೆ ಒಳಗೆ, ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ, ಓಡುವ ರೈಲಿನಲ್ಲಿ.

ಬೇರೆ ಬೇರೆ ನೆಟ್‌ವರ್ಕ್ ಇರುವ ಸಹೋದ್ಯೋಗಿಗಳನ್ನು ಹಿಡಿಯಿರಿ. ಅವರ ಫೋನ್‌ನಲ್ಲಿ ವೈಫೈ ಆಫ್ ಮಾಡಿಸಿ, ನೀವು ದಿನಾ ಕೂರುವ ಜಾಗದಿಂದ ಒಂದು ಫೋಟೋ ಹಾಕಿ ಮೇಲ್ ಕಳಿಸಲು ಹೇಳಿ. ಮೀಟಿಂಗ್ ಕೋಣೆಯಲ್ಲೂ ಒಮ್ಮೆ, ಜನ ತುಂಬಿದ ಊಟದ ಹೊತ್ತಿನಲ್ಲೂ ಒಮ್ಮೆ. ಸಿಗ್ನಲ್ ಕಡ್ಡಿ ಎಣಿಸುವುದಕ್ಕಿಂತ ಇದು ವಾಸಿ. ಕಡ್ಡಿ ಪೂರ್ತಿ ಇದ್ದೂ ಮೇಲ್ ಹೋಗದಿರುವುದು ಉಂಟು. ಟವರ್ ಹತ್ತಿರವಿದೆ, ಆದರೆ ಜನ ಜಾಸ್ತಿ ಎಂದು ಅರ್ಥ.

ಒಂದು ಎಚ್ಚರಿಕೆ: ಸ್ಪೀಡ್ ಟೆಸ್ಟ್ ಆ್ಯಪ್‌ಗಳನ್ನು ಮೇಲಿಂದ ಮೇಲೆ ಓಡಿಸಬೇಡಿ. ವೇಗದ ನೆಟ್‌ವರ್ಕ್‌ನಲ್ಲಿ ಒಂದೊಂದು ಟೆಸ್ಟ್ ನೂರಾರು ಎಂಬಿ ತಿನ್ನಬಹುದು. ಮೇಲ್‌ಗೆ ಅಷ್ಟು ವೇಗ ಬೇಕಾಗಿಯೂ ಇಲ್ಲ. 5ಜಿ ಇದೆಯಾ ಎಂಬುದಕ್ಕಿಂತ ಕಟ್ಟಡದ ಒಳಗೆ 4ಜಿ ನಿಲ್ಲುತ್ತದಾ ಎಂಬುದು ದೊಡ್ಡ ಪ್ರಶ್ನೆ. ಕಡಿಮೆ ಫ್ರೀಕ್ವೆನ್ಸಿಯ ಬ್ಯಾಂಡ್‌ಗಳು, ಅಂದರೆ 700ರಿಂದ 900 ಮೆಗಾಹರ್ಟ್ಸ್ ಆಸುಪಾಸಿನವು, ಗೋಡೆ ದಾಟಿ ಚೆನ್ನಾಗಿ ಒಳಬರುತ್ತವೆ. ಹೆಚ್ಚಿನ ಬ್ಯಾಂಡ್‌ಗಳಲ್ಲಿ ವೇಗ ಜಾಸ್ತಿ, ಆದರೆ ಗೋಡೆ ಕಂಡರೆ ಸುಸ್ತಾಗುತ್ತವೆ. ನಿಮ್ಮ ಫೋನು ಆ ನೆಟ್‌ವರ್ಕಿನ ಕಡಿಮೆ ಬ್ಯಾಂಡನ್ನು ಹಿಡಿಯುತ್ತದಾ ಅಂತ ಒಮ್ಮೆ ನೋಡಿಕೊಳ್ಳಿ. ಹೊರದೇಶದಿಂದ ತರಿಸಿದ ಫೋನುಗಳಲ್ಲಿ ಇದೇ ತಾಪತ್ರಯ.

ಸ್ವಂತ ಟವರ್ ಇಲ್ಲದೆ ಬೇರೆಯವರ ನೆಟ್‌ವರ್ಕ್ ಮೇಲೆ ಸೇವೆ ಮಾರುವ ಕಂಪನಿಗಳೂ ಇವೆ. ಅಗ್ಗ ಇರುತ್ತವೆ, ಕವರೇಜೂ ಹೆಚ್ಚಾಗಿ ಅದೇ. ಆದರೆ ಟವರ್ ಮೇಲೆ ಒತ್ತಡ ಬಿದ್ದಾಗ ಕೆಲವು ಪ್ಲಾನ್‌ಗಳ ಗ್ರಾಹಕರನ್ನು ಹಿಂದಕ್ಕೆ ತಳ್ಳುತ್ತಾರೆ. ಮೇಲ್‌ಗೆ ಅದು ದೊಡ್ಡ ತೊಂದರೆಯಲ್ಲ, ಮೀಟಿಂಗ್‌ಗೆ ತೊಂದರೆ.

ಮೇಲ್ ಒಂದು ಗಂಟೆ ನಿಂತರೆ ನಿಜಕ್ಕೂ ನಷ್ಟ ಆಗುವ ಕೆಲಸವಾ ನಿಮ್ಮದು? ಹಾಗಾದರೆ ಒಂದು ದೊಡ್ಡ ಪ್ಲಾನ್ ಬದಲು ಎರಡು ಸಣ್ಣ ಪ್ಲಾನ್ ತಗೊಳ್ಳಿ, ಎರಡು ಬೇರೆ ಬೇರೆ ನೆಟ್‌ವರ್ಕ್‌ನಲ್ಲಿ. ಎರಡನೆಯದಕ್ಕೆ ಇ-ಸಿಮ್ ಸಾಕು. ಅದು ಫೋನಿನೊಳಗೇ ಇರುವ, ಚಿಪ್ ಹಾಕುವ ಅಗತ್ಯವಿಲ್ಲದ ಸಿಮ್. ಇದಕ್ಕಿಂತ ಒಳ್ಳೆಯ ವಿಮೆ ಇಲ್ಲ.

6. ಪ್ಲಾನ್ ಹಾಳೆಯ ಸಣ್ಣಕ್ಷರ ಓದಿ

ದೊಡ್ಡಕ್ಷರದಲ್ಲಿ ಜಿಬಿ ಬರೆದಿರುತ್ತಾರೆ. ನಿಮಗೆ ಬೇಕಾದದ್ದು ಕೆಳಗಿನ ಸಾಲುಗಳಲ್ಲಿದೆ.

ಮಿತಿ ಮುಗಿದ ಮೇಲೆ ಏನಾಗುತ್ತದೆ? ಮೂರೇ ದಾರಿ. ಡೇಟಾ ಪೂರ್ತಿ ನಿಲ್ಲುತ್ತದೆ, ಅಥವಾ ವೇಗ ಇಳಿಯುತ್ತದೆ, ಅಥವಾ ಮುಂದಿನ ಪ್ರತಿ ಎಂಬಿಗೂ ದುಡ್ಡು ಬೀಳುತ್ತದೆ. ಮೂರನೆಯದರಿಂದ ದೂರ ಇರಿ. ಮೊದಲನೆಯದು ದುಡ್ಡಿನ ಮಟ್ಟಿಗೆ ಸುರಕ್ಷಿತ, ಮೇಲ್ ಮಟ್ಟಿಗೆ ಅಲ್ಲ. ಎರಡನೆಯದು ಮೇಲ್‌ಗೆ ಹೊಂದುತ್ತದೆ, ಆದರೆ ಎಷ್ಟಕ್ಕೆ ಇಳಿಯುತ್ತದೆ ಅಂತ ನೋಡಬೇಕು.

64 ಕೆಬಿಪಿಎಸ್‌ಗೆ ಇಳಿಸುತ್ತೇವೆ ಅಂತ ಬರೆದಿದೆ ಅನ್ನಿ. ಇದು ಸೆಕೆಂಡಿಗೆ 64 ಕಿಲೋಬಿಟ್, ಕಿಲೋಬೈಟ್ ಅಲ್ಲ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದರೆ ಸೆಕೆಂಡಿಗೆ 8 ಕೆಬಿ. ನಮ್ಮ 75 ಕೆಬಿ ಮೇಲ್ ಹತ್ತು ಸೆಕೆಂಡಿನಲ್ಲಿ ಬರುತ್ತದೆ, ತಡೆದುಕೊಳ್ಳಬಹುದು. 5 ಎಂಬಿ ಅಟ್ಯಾಚ್‌ಮೆಂಟ್ ಉಬ್ಬಿ 6.7 ಎಂಬಿ ಆಗಿ ಸುಮಾರು 14 ನಿಮಿಷ ತಗೊಳ್ಳುತ್ತದೆ, ಅದೂ ನಡುವೆ ಕನೆಕ್ಷನ್ ಕಡಿಯದಿದ್ದರೆ. 128 ಇದ್ದರೆ ಏಳು ನಿಮಿಷ. 1 ಎಂಬಿಪಿಎಸ್‌ಗೆ ಇಳಿಸುವ ಪ್ಲಾನ್ ಸಿಕ್ಕಿದರೆ ಒಂದು ನಿಮಿಷದೊಳಗೆ ಮುಗಿಯಿತು. ಕಣ್ಣುಮುಚ್ಚಿ ತಗೊಳ್ಳಿ.

ಮಿತಿ ದಿನದ್ದಾ ತಿಂಗಳದ್ದಾ? ದಿನದ ಮಿತಿಯ ಪ್ಲಾನ್ ನೋಡಲು ದೊಡ್ಡದು. ಆದರೆ ಬೆಳಗ್ಗೆ ಎರಡು ಗಂಟೆ ಮೀಟಿಂಗ್ ಆದ ದಿನ ಮಧ್ಯಾಹ್ನಕ್ಕೇ ಖಾಲಿ, ಭಾನುವಾರ ಉಳಿದದ್ದು ಯಾರಿಗೂ ಉಪಯೋಗವಿಲ್ಲ. ಕೆಲಸದ ಬಳಕೆ ಏರುಪೇರಾಗಿ ಇರುವುದರಿಂದ ತಿಂಗಳ ಮಿತಿಯೇ ಅನುಕೂಲ ಎಂಬುದು ನನ್ನ ಅಭಿಪ್ರಾಯ. ಉಳಿದ ಡೇಟಾ ಮುಂದಿನ ತಿಂಗಳಿಗೆ ಹೋಗುವುದಾದರೆ ಇನ್ನೂ ಒಳ್ಳೆಯದು.

‘ಅನ್‌ಲಿಮಿಟೆಡ್’ ಎಂಬ ಮಾತಿಗೆ ಮರುಳಾಗಬೇಡಿ. ಪಕ್ಕದಲ್ಲೇ ಚುಕ್ಕಿ ಗುರುತು ಹಾಕಿ ‘ಎಫ್‌ಯುಪಿ’ ಎಂದಿರುತ್ತದೆ. ಇಷ್ಟು ಬಳಸಿದ ಮೇಲೆ ನಿಧಾನ ಮಾಡುತ್ತೇವೆ ಎಂಬ ನಿಯಮ ಅದು. ಹಾಟ್‌ಸ್ಪಾಟ್‌ಗೆ ಬೇರೆಯೇ ಮಿತಿ ಇರಬಹುದು, ಕೆಲವು ಪ್ಲಾನ್‌ಗಳಲ್ಲಿ ಹಾಟ್‌ಸ್ಪಾಟ್ ಇರುವುದೇ ಇಲ್ಲ. ಲ್ಯಾಪ್‌ಟಾಪ್ ಹೊತ್ತು ಓಡಾಡುವವರು ಈ ಸಾಲನ್ನು ಎರಡು ಸಲ ಓದಿ.

ವ್ಯಾಲಿಡಿಟಿ ಎಷ್ಟು ದಿನ? 28 ದಿನದ ಪ್ಲಾನ್ ಆದರೆ ವರ್ಷಕ್ಕೆ 12 ಅಲ್ಲ, 13 ಸಲ ಕಟ್ಟಬೇಕು. ಬೆಲೆ ಹೋಲಿಸುವಾಗ ಒಂದು ದಿನಕ್ಕೆ ಎಷ್ಟು ಬೀಳುತ್ತದೆ ಎಂದು ಭಾಗಿಸಿ ನೋಡಿ, ಮರೆಮಾಚಿದ ವ್ಯತ್ಯಾಸ ಎದ್ದು ಕಾಣುತ್ತದೆ.

7. ಪ್ರೀಪೇಯ್ಡಾ, ಪೋಸ್ಟ್‌ಪೇಯ್ಡಾ?

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮುಂಗಡ ಕಟ್ಟುವ ಪ್ರೀಪೇಯ್ಡ್‌ನಲ್ಲಿ ಬಿಲ್ ಆಘಾತ ಇಲ್ಲ, ಆದರೆ ವ್ಯಾಲಿಡಿಟಿ ಮುಗಿದದ್ದು ಮರೆತರೆ ಮೇಲ್ ನಿಲ್ಲುತ್ತದೆ. ಬಳಸಿ ಆಮೇಲೆ ಕಟ್ಟುವ ಪೋಸ್ಟ್‌ಪೇಯ್ಡ್ ನಿಲ್ಲುವುದಿಲ್ಲ, ಬಿಲ್ಲೂ ಸಿಗುತ್ತದೆ, ಆದರೆ ಮಿತಿ ಮೀರಿದರೆ ಹಣ ಏರಬಹುದು. ಆಫೀಸ್ ಬಿಲ್ ಕೇಳಿದರೆ ಪೋಸ್ಟ್‌ಪೇಯ್ಡ್, ಗರಿಷ್ಠ ಮೊತ್ತಕ್ಕೆ ಮಿತಿ ಹಾಕಿಸಿ. ಇಲ್ಲದಿದ್ದರೆ ಪ್ರೀಪೇಯ್ಡ್, ಆಟೊ ರೀಚಾರ್ಜ್ ಇಟ್ಟು. ಒಪ್ಪಂದದ ಅವಧಿ ಇರುವ ಪ್ಲಾನನ್ನು ಮೊದಲ ಸಲಕ್ಕೇ ತಗೊಳ್ಳಬೇಡಿ.

8. ಪ್ಲಾನ್ ಬಂದ ಮೇಲೆ ಫೋನನ್ನು ಹದಕ್ಕೆ ತನ್ನಿ

ಮೇಲ್ ಖಾತೆಯನ್ನು ಮೊದಲ ಸಲ ಹಾಕುವ ಕೆಲಸ ವೈಫೈನಲ್ಲೇ ಮಾಡಿ. ಆಗ ಹಳೇ ಮೇಲ್, ಕ್ಯಾಲೆಂಡರ್, ಕಾಂಟ್ಯಾಕ್ಟ್ಸ್ ಎಲ್ಲ ಒಟ್ಟಿಗೆ ಇಳಿಯುತ್ತವೆ. ಎಷ್ಟು ದಿನದ ಮೇಲ್ ಫೋನಿನಲ್ಲಿರಬೇಕು ಎಂದು ಕೇಳುವ ಸೆಟ್ಟಿಂಗ್ ಇದ್ದರೆ ಒಂದು ಅಥವಾ ಎರಡು ವಾರ ಇಡಿ. ಹಳೆಯದು ಬೇಕಾದಾಗ ಹುಡುಕಿದರೆ ಸರ್ವರಿನಿಂದ ಬರುತ್ತದೆ.

ಅಟ್ಯಾಚ್‌ಮೆಂಟ್ ತಾನಾಗಿಯೇ ಇಳಿಯುವುದನ್ನು ವೈಫೈಗೆ ಮಾತ್ರ ಸೀಮಿತ ಮಾಡಿ. ಹೊರಗಿನ ಚಿತ್ರಗಳನ್ನು, ಅಂದರೆ ಮೇಲ್ ತೆರೆದಾಗ ಇಂಟರ್ನೆಟ್‌ನಿಂದ ಬೇರೆಯಾಗಿ ಬರುವವನ್ನು, ‘ಕೇಳಿ ತೋರಿಸು’ ಎಂದು ಇಡಿ. ಡೇಟಾ ಉಳಿಯುವುದರ ಜೊತೆಗೆ, ನೀವು ಮೇಲ್ ತೆರೆದಿರಿ ಎಂದು ಕಳಿಸಿದವರಿಗೆ ಸುದ್ದಿ ಮುಟ್ಟಿಸುವ ಕಣ್ಣಿಗೆ ಕಾಣದ ಚಿತ್ರಗಳಿಗೂ ತಡೆ ಬೀಳುತ್ತದೆ.

ಪುಶ್ ಮತ್ತು ಫೆಚ್ ಬಗ್ಗೆ ತುಂಬ ಜನ ಕೇಳುತ್ತಾರೆ. ಪುಶ್ ಅಂದರೆ ಮೇಲ್ ಬಂದ ಕೂಡಲೇ ಸರ್ವರೇ ಫೋನಿಗೆ ತಿಳಿಸುವುದು. ಫೆಚ್ ಅಂದರೆ ಫೋನು ಆಗಾಗ ಹೋಗಿ “ಏನಾದರೂ ಬಂತಾ?” ಎಂದು ಕೇಳುವುದು. 15 ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 96 ಸಲ. ಡೇಟಾ ಖರ್ಚಿನಲ್ಲಿ ಎರಡರ ನಡುವೆ ಅಂಥ ಅಂತರವಿಲ್ಲ, ವ್ಯತ್ಯಾಸ ಇರುವುದು ತಡದಲ್ಲಿ. ಐಫೋನಿನ ಸ್ವಂತ ಮೇಲ್ ಆ್ಯಪ್‌ಗೆ ಸಾಮಾನ್ಯ ಜಿಮೇಲ್ ಖಾತೆ ಹಾಕಿದರೆ ಪುಶ್ ಸಿಗುವುದಿಲ್ಲ, ಫೆಚ್ ಮಾತ್ರ. ಕೂಡಲೇ ಗೊತ್ತಾಗಬೇಕಿದ್ದರೆ ಜಿಮೇಲ್ ಆ್ಯಪ್ ಹಾಕಿಕೊಳ್ಳಿ.

ಮೇಲ್ ತಡವಾಗಿ ಬಂದರೆ ತಕ್ಷಣ ಪ್ಲಾನ್ ಬದಲಿಸಬೇಡಿ. ಎಷ್ಟೋ ಸಲ ಕಾರಣ ಬ್ಯಾಟರಿ ಉಳಿಸುವ ಸೆಟ್ಟಿಂಗ್. ಎಷ್ಟೋ ಆಂಡ್ರಾಯ್ಡ್ ಫೋನುಗಳು ಸ್ವಲ್ಪ ಹೊತ್ತು ಮುಟ್ಟದ ಆ್ಯಪನ್ನು ಮಲಗಿಸಿಬಿಡುತ್ತವೆ. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಮೇಲ್ ಆ್ಯಪ್‌ಗೆ ಮಾತ್ರ ವಿನಾಯಿತಿ ಕೊಡಿ. ‘ಡೇಟಾ ಸೇವರ್’ ಆನ್ ಇಟ್ಟಿದ್ದರೆ ಅಲ್ಲೂ ಹಾಗೇ ಮಾಡಿ: ಮೇಲ್‌ಗೆ ಬಿಡುಗಡೆ, ಉಳಿದವಕ್ಕೆ ಬೀಗ.

ಇನ್ನೊಂದು ಮರೆಯ ಕಳ್ಳ. ಐಫೋನಿನಲ್ಲಿ ‘ವೈಫೈ ಅಸಿಸ್ಟ್’ ಎಂಬುದು ಮೊದಲಿನಿಂದಲೇ ಆನ್ ಇರುತ್ತದೆ. ವೈಫೈ ಸೊರಗಿದಾಗ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹಾರುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಬೇರೆ ಹೆಸರಿನಲ್ಲಿ ಇದೇ ಇದೆ. ಮನೆ ವೈಫೈ ಮೂಲೆ ಕೋಣೆಗೆ ಸರಿಯಾಗಿ ಬರದಿದ್ದರೆ ಆಫ್ ಮಾಡಿ. ಎರಡು ಸಿಮ್ ಇರುವವರು ‘ಡೇಟಾ ಸ್ವಿಚಿಂಗ್’ ಕೂಡ ನೋಡಿ. ಆನ್ ಇದ್ದರೆ ನಿಮಗೆ ಗೊತ್ತಾಗದಂತೆ ಇನ್ನೊಂದು ಸಿಮ್ಮಿನ ಡೇಟಾ ಹೋಗಬಹುದು.

ಆಂಡ್ರಾಯ್ಡ್‌ನಲ್ಲಿ ಡೇಟಾ ಎಚ್ಚರಿಕೆ ಮಟ್ಟವನ್ನು ಪ್ಲಾನಿನ ಮುಕ್ಕಾಲು ಭಾಗಕ್ಕೆ ಇಟ್ಟುಬಿಡಿ.

9. ದೇಶ ಬಿಟ್ಟು ಹೋಗುವ ಮುಂಚೆ

ಬೇರೆ ದೇಶದ ನೆಟ್‌ವರ್ಕ್ ಬಳಸುವುದಕ್ಕೆ ರೋಮಿಂಗ್ ಎನ್ನುತ್ತಾರೆ. ನಿಮ್ಮ ಪ್ಲಾನಿನ ಡೇಟಾ ಅಲ್ಲಿ ನಡೆಯುತ್ತದೆ ಅಂದುಕೊಳ್ಳಬೇಡಿ. ಹೊರಡುವ ಮುಂಚೆ ರೋಮಿಂಗ್ ಪ್ಯಾಕ್ ಹಾಕಿಸಿ, ಅಥವಾ ಆ ದೇಶದ ಇ-ಸಿಮ್ ಕೊಂಡು ನಿಮ್ಮ ಮಾಮೂಲಿ ಸಿಮ್ಮಿನ ‘ಡೇಟಾ ರೋಮಿಂಗ್’ ಆಫ್ ಮಾಡಿ. ಪ್ಯಾಕಿನಲ್ಲಿ ‘ಒಂದು ದಿನ’ ಅಂದರೆ 24 ಗಂಟೆಯಾ, ಮಧ್ಯರಾತ್ರಿಗೆ ಮುಗಿಯುವ ದಿನವಾ, ಯಾವ ದೇಶದ ಮಧ್ಯರಾತ್ರಿ ಎಂದು ಕೇಳಿ. ರಾತ್ರಿ ಹನ್ನೊಂದಕ್ಕೆ ಇಳಿದವರಿಗೆ ಎರಡು ದಿನದ ದುಡ್ಡು ಬೀಳುವುದು ಇಲ್ಲೇ.

ಹಡಗು ಮತ್ತು ವಿಮಾನದ ಒಳಗೆ ಉಪಗ್ರಹದ ಮೂಲಕ ನಡೆಯುವ ಬೇರೆಯೇ ನೆಟ್‌ವರ್ಕ್ ಇರಬಹುದು. ಮಾಮೂಲಿ ರೋಮಿಂಗ್ ಪ್ಯಾಕ್ ಹೆಚ್ಚಾಗಿ ಅದಕ್ಕೆ ಅನ್ವಯಿಸುವುದಿಲ್ಲ, ದರ ವಿಪರೀತ. ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ಬೇಕಿದ್ದರೆ ಅಲ್ಲಿನ ವೈಫೈ ಕೊಂಡುಕೊಳ್ಳಿ. ಗಡಿ ಹತ್ತಿರ ಇರುವವರ ಫೋನು ಆಚೆ ದೇಶದ ಟವರಿಗೆ ತಾನಾಗಿ ಅಂಟಿಕೊಳ್ಳಬಹುದು. ಅವರು ನೆಟ್‌ವರ್ಕ್ ಆಯ್ಕೆಯನ್ನು ಆಟೊಮ್ಯಾಟಿಕ್ ಬಿಟ್ಟು ಕೈಯಾರೆ ಆರಿಸಿಟ್ಟರೆ ಒಳ್ಳೆಯದು.

10. ಒಂದು ಸೈಕಲ್ ಮುಗಿದ ಮೇಲೆ ಮತ್ತೆ ನೋಡಿ

ಮೊದಲ ಬಿಲ್ಲಿಂಗ್ ಅವಧಿ ಮುಗಿದ ದಿನ ಮೂರನೇ ಹಂತದ ಪುಟ ಮತ್ತೆ ತೆರೆಯಿರಿ. ಪ್ಲಾನಿನ ಅರ್ಧವೂ ಮುಟ್ಟಿಲ್ಲದಿದ್ದರೆ ಕೆಳಗಿನ ಪ್ಲಾನಿಗೆ ಇಳಿಯಿರಿ. ಕಂಪನಿಯವರು ತಾವಾಗಿ ಇಳಿಸಿ ಅನ್ನುವುದಿಲ್ಲ. ಕೊನೆಯ ವಾರಕ್ಕೆ ಒದ್ದಾಟ ಆಗಿದ್ದರೆ ಮೊದಲು ಹಾಟ್‌ಸ್ಪಾಟ್ ಮತ್ತು ವಿಡಿಯೊದ ಅಂಕಿ ನೋಡಿ, ಆಮೇಲೆ ಪ್ಲಾನ್ ಏರಿಸುವ ಮಾತು.

ನೆಟ್‌ವರ್ಕೇ ಬದಲಿಸುವುದಾದರೆ ಒಂದು ಕೆಲಸ ಮರೆಯಬೇಡಿ. ಆಫೀಸ್ ಮೇಲ್‌ಗೆ ಲಾಗಿನ್ ಆಗಲು ಒಟಿಪಿ ಎಸ್ಸೆಮ್ಮೆಸ್‌ನಲ್ಲಿ ಬರುತ್ತಿದ್ದರೆ, ಸಿಮ್ ಬದಲಾಗುವ ನಡುವಿನ ಹೊತ್ತಿನಲ್ಲಿ ಅದು ಬರದೆ ಹೋಗಬಹುದು. ಮುಂಚೆಯೇ ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ. ಅದು ತೋರಿಸುವ ಆರಂಕಿಯ ಕೋಡ್ ಫೋನಿನಲ್ಲೇ ಹುಟ್ಟುತ್ತದೆ, ಡೇಟಾನೂ ಬೇಡ, ಸಿಗ್ನಲ್ಲೂ ಬೇಡ. ಸಿಮ್ ಬದಲಿಸುವ ಕೆಲಸಕ್ಕೆ ರಜೆಯ ದಿನ ಆರಿಸಬೇಡಿ. ಐಟಿಯವರು ಫೋನ್ ಎತ್ತುವ ದಿನ, ಬೆಳಗ್ಗೆಯೇ ಮುಗಿಸಿ.